ಕಚ್ಚಿದ್ದಕ್ಕೆ ಸಾಕಿದೋರೇ ಹೊಣೆ

ಮಧ್ಯೆ ನಗಬೇಡಿ, ನಕ್ಕರೆ ಕತೆ ಅಲ್ಲಿಗೇ ನಿಲ್ಲಿಸಿಬಿಡ್ತೀನಿ. ತಾಯಮ್ಮನಿಗೆ ಮರಿಬೆಟ್ಟ ಅಂತ ಒಬ್ಬನೇ ಮಗ. ಮೀಸೆ ಬಂದಿತ್ತು, ಬುದ್ಧಿ ಬಂದಿರಲಿಲ್ಲ. ಹೇಳಿದ್ದನ್ನ ಹೇಳಿದ ಹಾಗೇ ಮಾಡೋನು. ಅಲ್ಲೇ ಬಂದಿದ್ದು ಕಷ್ಟ!

ಒಂದಿನ ಹಿಟ್ಟಿನ ಗಿರಣಿ ಶಿವನಂಜಪ್ಪನ ನಾಯಿ ಅವನ ಕಾಲಿಗೆ ಬಾಯಿ ಹಾಕ್ತು. ನಾಯಿ ಹೆಸರು ಸಾಧು! ತಾಯಮ್ಮ ಗಾಯ ಸೋಪು ಹಾಕಿ ತೊಳೆದಳು, ಊರಲ್ಲೇ ಮೊದಲ ಸೂಜಿ ಚುಚ್ಚಿಸಿದಳು. ಉಳಿದ ಸೂಜಿಗೆ ಪೇಟೆ ಆಸ್ಪತ್ರೆಗೇ ಹೋಗಬೇಕು. ತಪ್ಪಿದರೆ ಮಗನ ಜೀವಕ್ಕೇ ಸಂಚಕಾರ.

"ನಾಯಿ ಸಾಕಿದೋರೇ ಕರಕೊಂಡು ಹೋಗ್ಲಿ, ಅದು ನಮ್ಮ ಹಕ್ಕು! ಹೋಗು, ಅವರ ಮುಂದೆ ನಿಂತು ಬಾಯಿ ಬಿಡು!"

ಹೋದ. ನಿಂತ. ಬಾಯಿ ಬಿಟ್ಟ. ಗಿರಣಿ ಹಿಟ್ಟೆಲ್ಲ ಬಾಯೊಳಕ್ಕೆ ಹೋಯ್ತು. ಕೆಮ್ಮಿಕೊಂಡು ವಾಪಸ್ ಬಂದ.

"ಅಯ್ಯೋ ಪೆದ್ದೇ! ಬಾಯಿ ಬಿಡೋದು ಅಂದ್ರೆ ಮಾತಾಡೋದು! ನಿಮ್ಮ ನಾಯಿ ಕಚ್ತು ಅಂತ ಮುಖಕ್ಕೆ ಹೊಡೆದ ಹಾಗೆ ಹೇಳ್ಬೇಕಿತ್ತು!"

"ಆಗ್ಲಿ ಕಣವ್ವ!"

ಹೋದ. ನಿಂತ. "ನಿಮ್ಮ" ಅಂತ ಒಂದೇಟು, "ನಾಯಿ" ಅಂತ ಒಂದೇಟು, "ಕಚ್ತು" ಅಂತ ಇನ್ನೊಂದು!

"ಅದು ನನ್ನ ನಾಯೇ ಅಲ್ಲ, ಬೀದಿ ನಾಯಿ!" ಅಂತ ಶಿವನಂಜಪ್ಪ ಕೆನ್ನೆ ಹಿಡ್ಕೊಂಡೇ ಅಟ್ಟಿದ.

"ಅಯ್ಯೋ ಪೆದ್ದೇ! ಕೈ ಎತ್ತಬಾರದು ಕಣೋ! ನಾಳೆ ಪಂಚಾಯ್ತಿ ಸೇರ್ಸಿದೀನಿ. ಅವರು ಜಾರಿಕೊಳ್ಳೋಕೆ ನೋಡ್ತಾರೆ. ಬಿಡಬೇಡ, ಕಚ್ಚಿ ಹಿಡ್ಕೋ!"

"ಆಗ್ಲಿ ಕಣವ್ವ!"

ಪಂಚಾಯ್ತಿ ಸೇರ್ತು. ಶಿವನಂಜಪ್ಪ "ನಾಯಿ ನನ್ನದಲ್ಲ" ಅಂದು ಎದ್ದ. ನಮ್ಮ ಮರಿಬೆಟ್ಟ ಎರಡೂ ಕೈ ಬೆನ್ನಿಗೆ ಕಟ್ಟಿಕೊಂಡು, ಬಗ್ಗಿ, ಅವನ ಕಾಲನ್ನ ಲಬಕ್ಕಂತ ಕಚ್ಚಿ ಹಿಡ್ಕೊಂಡ!

"ಅಯ್ಯಯ್ಯೋ! ಯಾರ್ರೀ ಇವನನ್ನ ಸಾಕಿದೋರು? ಕಚ್ಚಿದ್ದಕ್ಕೆ ಸಾಕಿದೋರೇ ಔಷಧಿ ಮಾಡಿಸ್ಬೇಕು!"

ತಾಯಮ್ಮ ಸೆರಗು ಸಿಕ್ಕಿಸಿ ಎದ್ದಳು. "ನಾನೇ ಸಾಕಿದ್ದು ಶಿವನಂಜಪ್ಪನೋರೇ! ನನ್ನ ಮಗನ್ನ ಬೀದಿಯೋನು ಅನ್ನಲ್ಲ ನಾನು. ನಿಮ್ಮ ಕಾಲಿಗೆ ನಾನೇ ಔಷಧಿ ಮಾಡಿಸ್ತೀನಿ. ಈಗ ಹೇಳಿ, ಸಾಧೂನ ಸಾಕಿದೋರು ಯಾರು?"

ಶಿವನಂಜಪ್ಪ ತಲೆ ಬಗ್ಗಿಸಿದ. "ನಾನೇ."

ಹಿರಿಯರು ನಗು ತಡಕೊಂಡು ತೀರ್ಪು ಹೇಳಿದರು. "ಎಲ್ಲಾ ಸೂಜಿಗೂ ಶಿವನಂಜಪ್ಪನೇ ತನ್ನ ಜೀಪಲ್ಲಿ ಕರಕೊಂಡು ಹೋಗ್ಬೇಕು. ಇನ್ಮೇಲೆ ಕಚ್ಚೋರನ್ನ ಕಟ್ಟಿ ಹಾಕಿ!" ಗೆದ್ದಳು ನಮ್ಮ ತಾಯಮ್ಮ!

ಸೂಜಿ ದಿನ ಬೆಳಿಗ್ಗೆ ಜೀಪು ಚಾಲೂ ಆದ ಸದ್ದಾಯ್ತು. ಮಗನಿಗೆ ಬುತ್ತಿ ಕೊಡೋಣ ಅಂತ ತಾಯಮ್ಮ ಗಿರಣಿಗೆ ಓಡಿದಳು. ನೋಡಿದರೆ ಜೀಪಿಲ್ಲ, ನಾಯಿಯಿಲ್ಲ, ಕುತ್ತಿಗೆಗೆ ಸರಪಳಿ ಹಾಕ್ಕೊಂಡು ಕೂತಿದಾನೆ ಮರಿಬೆಟ್ಟ!

"ಇದೇನೋ ಇದು?"

"ಕಚ್ಚೋರನ್ನ ಕಟ್ಟಿ ಹಾಕಿ ಅಂದ್ರಲ್ಲವ್ವ! ಇದ್ದದ್ದು ಒಂದೇ ಸರಪಳಿ."

"ನಾಯಿ ಎಲ್ಲೋ?"

"ಜೀಪಲ್ಲಿ ಹಿಂದೆ ಕೂರಿಸಿ 'ಹೂಂ, ಹೊರಡಿ' ಅಂದೆ ಕಣವ್ವ, ಅವರು ತಿರುಗಿ ನೋಡದೇ ಹೊರಟ್ರು. ನನ್ನ ಸೂಜಿ ಅದು ಹಾಕಿಸ್ಕೊಂಡು ಬರುತ್ತೆ!"