ಕಡಲು ದಾಟಿ ಮರಳಿದ ಕರಡಿಗೆ

"ಹೊಳೆಬಾಗಿಲು ಪಟ್ಟಣದ ಸಮಸ್ತರೂ ಕೇಳತಕ್ಕದ್ದು. ಸೋಮಭೂಪ ಮಹಾರಾಜರ ಮುಂದಿರುವ ಹಿತ್ತಾಳೆ ಕರಡಿಗೆಯ ಮೂರು ಒಗಟು ಬಿಡಿಸಿದವರಿಗೆ ಬೇಡಿದ್ದು ಸಿಗುತ್ತದೆ. ಒಂದು ತಪ್ಪಿದರೂ ತಲೆ ಉಳಿಯದು. ಅಮಾವಾಸ್ಯೆಯೊಳಗೆ ಬಿಡಿಸುವವರು ಬಾರದಿದ್ದರೆ ಅರಮನೆಯ ಪುಡಿ ಕುಟ್ಟುವ ಮಾಚಕ್ಕನಿಗೆ ಶೂಲ."

ಡಂಗುರದ ಕೊನೆಯ ಮಾತು ಕೇಳಿ ದುಗ್ಗನ ಕೈಯ ಒನಕೆ ನಿಂತಿತು. ಮಾಚಕ್ಕ ಅವನ ತಾಯಿ. ಮಹಾರಾಣಿ ಊಟದೆಲೆಯ ಮುಂದೆಯೇ ಕುಸಿದು, ಮೂರು ದಿನ ನರಳಿ ತೀರಿಕೊಂಡ ಮೇಲೆ ಅವಳನ್ನು ಸೆರೆಗೆ ಹಾಕಿದ್ದರು. ಏಕೆಂದು ಯಾರೂ ಹೇಳಿರಲಿಲ್ಲ. ಸೆರೆಮನೆಯ ಕಿಂಡಿಯಲ್ಲಿ ಕೇಳಿದರೆ ಅವಳೂ ಹೇಳಲಿಲ್ಲ. "ಒಡೆಯರ ತಪ್ಪನ್ನು ಆಳು ಆಡಬಾರದು ಮಗಾ. ನೀನು ಬಾಯಿ ಮುಚ್ಚಿಕೊಂಡು ಬದುಕು" ಎಂದಷ್ಟೇ ಅಂದಳು.

ಅಮಾವಾಸ್ಯೆಯ ಬೆಳಗ್ಗೆ ಅವನು ಆಸ್ಥಾನಕ್ಕೆ ಹೋದಾಗ ಮುಂದೆ ಇಬ್ಬರಿದ್ದರು. ಕರಡಿಗೆಗೆ ಕೆಂಪು ಕಾಗದ ಸುತ್ತಿ, ಮೇಲೆ ಪರದೇಶದ ಅಕ್ಷರ ಬರೆದಿತ್ತು. ರಾಜನ ಗಡ್ಡ ತಿಂಗಳಿಂದ ಕತ್ತರಿ ಕಂಡಿರಲಿಲ್ಲ. ಅವನು ದನಿಯೇರಿಸದೆ ಕೇಳಿದ: "ನಮ್ಮ ಮನೆಯಲ್ಲಿ ಹುಟ್ಟಿದ ಕೂಸು. ಕಡಲಾಚೆಯವರು ಹೊಸ ಹೆಸರಿಟ್ಟು, ಹೊಸ ಅಂಗಿ ತೊಡಿಸಿ ನಮಗೇ ಉಡುಗೊರೆ ತಂದರು. ಹೆತ್ತವರಿಗೇ ಗುರುತು ಸಿಗಲಿಲ್ಲ. ಯಾವುದದು?"

ಪಂಡಿತರೊಬ್ಬರು ಶ್ಲೋಕ ಹೇಳಿ, ಕಡಲಲ್ಲಿ ಹುಟ್ಟಿದ ಚಂದ್ರ ಎಂದರು. ಅವರನ್ನು ಹಿಂಬಾಗಿಲಿನಿಂದ ಕರೆದೊಯ್ದರು. ಚಿನಿವಾರರ ಮಗ ಮುತ್ತು ಎಂದ. ಅವನೂ ಅದೇ ಬಾಗಿಲಿನಿಂದ ಹೋದ. ಆ ಬಾಗಿಲಿನಿಂದ ಯಾರೂ ಮರಳಲಿಲ್ಲ.

"ಪುಡಿ ಕುಟ್ಟುವವನೋ ನೀನು? ಪಂಡಿತರಿಗೇ ಆಗದ್ದು ಒನಕೆಗೆ ಆದೀತೇ?" ಎಂದು ಮಂತ್ರಿ ನಕ್ಕ.

ದುಗ್ಗ ಕರಡಿಗೆಯನ್ನೇ ನೋಡುತ್ತಿದ್ದ. ಕಾಗದ ಹರಿದ ಕಡೆ ಅಂಚು ತಗ್ಗಾಗಿತ್ತು. ಹೋದ ವರ್ಷ ಅದನ್ನು ಕೈಜಾರಿ ಬೀಳಿಸಿದವನು ಅವನೇ.

"ಇದು ನಮ್ಮವ್ವ ಹುರಿದು ಕೊಟ್ಟ, ನಾನು ಕುಟ್ಟಿದ ಪುಡಿ, ಒಡೆಯಾ. ನಮ್ಮಲ್ಲಿ ಸಾರಿಗೊಂದು, ಹುಳಿಗೊಂದು, ಪಲ್ಯಕ್ಕೊಂದು. ಹಡಗಿನವರಿಗೆ ಎಲ್ಲವೂ ಒಂದೇ, ಅವರ ಮಾತಿನಲ್ಲಿ ಕರಿ ಪೌಡರ್."

ರಾಜ ತಲೆದೂಗಿ ಎರಡನೆಯದು ಕೇಳಿದ. "ಈ ಮನೆಯಲ್ಲಿ ಬಹಳ ಮಂದಿ. ಮುಕ್ಕಾಲು ಮನೆ ಹಿಡಿದವನ ಸದ್ದಿಲ್ಲ. ಮೂಲೆಯಲ್ಲಿರುವ ಚಿಟಿಕೆಯಷ್ಟು ಗಾತ್ರದವನು ಮುನಿದರೆ ಮನೆಯೇ ಹಾಳು. ಯಾರಿವರು?"

"ಕೊತ್ತಂಬರಿ, ಮೆಂತ್ಯ. ಮೆಣಸಿನಕಾಯಿ, ಜೀರಿಗೆ, ಕರಿಬೇವು, ಅರಿಶಿನ ಯಾವುದು ಏರುಪೇರಾದರೂ ಕೊತ್ತಂಬರಿ ಹೊಟ್ಟೆಗೆ ಹಾಕಿಕೊಳ್ಳುತ್ತದೆ. ಮೆಂತ್ಯ ಒಂದು ಗಳಿಗೆ ಹೆಚ್ಚು ಹುರಿದರೆ ಇಡೀ ಪುಡಿ ಕಹಿ."

ಮಂತ್ರಿಯ ನಗು ಅಡಗಿತು. ರಾಜ ಕರಡಿಗೆಯ ಮೇಲೆ ಕೈಯಿಟ್ಟ. "ಬಾಣಲೆಗೆ ಬೀಳದ್ದು, ಒರಳಿಗೆ ಇಳಿಯದ್ದು ಈ ಪುಡಿಯೊಳಗೆ ಸೇರಿ ನನ್ನ ರಾಣಿಯನ್ನು ಕೊಂದಿತು. ಏನದು? ಇದರ ಉತ್ತರ ನನಗೂ ತಿಳಿಯದು."

ಮುಚ್ಚಳ ತೆಗೆದಾಗ ಮುಗ್ಗಲು ವಾಸನೆ ಬಂತು. ತಳದಲ್ಲಿ ಪುಡಿ ಹೆಂಟೆಗಟ್ಟಿ, ಮೇಲೆ ಕರಿಯ ಬೂಷ್ಟು ಹಬ್ಬಿತ್ತು. ದುಗ್ಗನಿಗೆ ಪುಡಿ ತುಂಬಿ ಹಡಗಿಗೆ ಕಳಿಸಿದ ದಿನ ನೆನಪಾಯಿತು. ಅವ್ವ ಏಕೆ ಬಾಯಿ ಬಿಡಲಿಲ್ಲವೆಂದೂ ಅರ್ಥವಾಯಿತು. ಉತ್ತರ ಹೇಳಿದರೆ ಬೆರಳು ಸಿಂಹಾಸನದ ಕಡೆ ತಿರುಗುತ್ತದೆ. ಹೇಳದಿದ್ದರೆ ಅವ್ವ ಉಳಿಯುವುದಿಲ್ಲ.

ಅವನು ಒಂದು ಬರಿಯ ಕರಡಿಗೆ ಬೇಡಿದ. ಆಗಷ್ಟೇ ಹುರಿದು ಕುಟ್ಟಿದ ಪುಡಿಯನ್ನು ಎಲ್ಲರೆದುರು ತುಂಬಿ, ಬಿಗಿಯಾಗಿ ಮುಚ್ಚಿ, ಸಂಜೆಯ ತನಕ ಕಾಯಬೇಕೆಂದ. ಸಂಜೆ ರಾಜನೇ ಮುಚ್ಚಳ ತೆಗೆದ. ಒಳಮೈ ತುಂಬ ಹನಿ. ಒಂದು ಹನಿ ಅವನ ಬೆರಳಿಗಿಳಿಯಿತು.

"ಬೆವರು, ಒಡೆಯಾ. ಬಿಸಿಪುಡಿಯ ಬೆವರು. ಅದಕ್ಕೇ ಬೂಷ್ಟು ಹಿಡಿಯಿತು. ಪುಡಿಯನ್ನು ಬಟ್ಟೆಯ ಮೇಲೆ ಹರವಿ, ಅಂಗೈ ಹಿಂಭಾಗಕ್ಕೆ ತಣ್ಣಗೆ ತಾಗುವ ತನಕ ಮುಚ್ಚಬಾರದು. ಅವ್ವ ಅಂದು ಸಂಜೆಯ ತನಕ ಬಿಡಿ ಎಂದು ಬೇಡಿಕೊಂಡಿದ್ದಳು."

"ಯಾರು ಬಿಡಲಿಲ್ಲ?"

ದುಗ್ಗ ರಾಜನ ಕೈಯ ಕಡೆ ನೋಡಿದ. ಹಡಗು ಹೊರಡುವ ಗಾಳಿ ತಪ್ಪೀತೆಂದು ಬಿಸಿಬಿಸಿಯಾಗಿಯೇ ಮುಚ್ಚಿಸಿ ಮುದ್ರೆಯೊತ್ತಿದ ಉಂಗುರ ರಾಜನ ಬೆರಳಲ್ಲೇ ಇತ್ತು. ರಾಜ ಅದನ್ನು ತೆಗೆದು ಕರಡಿಗೆಯ ಪಕ್ಕ ಇಟ್ಟ.

"ಬೇಡಿಕೋ."

"ನಮ್ಮವ್ವ."

ಮಾಚಕ್ಕ ಹೊರಬಂದಳು. ಅವಳಿಗೂ ಮಗನಿಗೂ ರಾಜ ಮನೆ, ಹೊಲ, ಹೊಳೆಬದಿಯ ತೋಟ ಬರೆದುಕೊಟ್ಟ. ಹೋದ ಎರಡು ತಲೆಗಳನ್ನು ಮಾತ್ರ ಮರಳಿಸಲಾಗಲಿಲ್ಲ.

ಅಂದಿನಿಂದ ಅರಮನೆಯಲ್ಲಿ ಪುಡಿ ಕುಟ್ಟಿದ ದಿನ ಯಾವ ಹಡಗಿಗೂ ಅವಸರವಿರಲಿಲ್ಲ. ಹರವಿದ ಬಟ್ಟೆಯ ಪಕ್ಕದಲ್ಲಿ ರಾಜ ತಾನೇ ಮಣೆ ಹಾಕಿಕೊಂಡು ಕೂರುತ್ತಿದ್ದ. ಅಂಗೈ ಹಿಂಭಾಗ ತಾಗಿಸಿ, "ಆರಿತೇ ಮಾಚಕ್ಕಾ?" ಎಂದು ಕೇಳುತ್ತಿದ್ದ. ಅವಳು ಹೂಂ ಎಂದ ಮೇಲೆಯೇ ಮುಚ್ಚಳ.