ಸಿಂಚನಾಳ ಮಚ್ಚೆ

ಮತ್ತೆ ಬಂದಿರಾ ಮಕ್ಕಳೇ. ತಿಂಡಿಯಾದ ಮೇಲೆ ಫೋನಿನಲ್ಲಿ ಈ ಕತೆ ಬರೆಯಲು ಕೂತವಳು ನಾನು. ಮೊದಲ ಸಾಲಿಗೆ ಮಗನ ಚಡ್ಡಿಯ ಗುಂಡಿ ಕಿತ್ತುಬಂತು. ಎರಡನೇ ಸಾಲಿಗೆ ಹಾಲಿನವನು ಬಂದ. ಈಗ ಮಗಳಿಗೆ ಫೋನೇ ಬೇಕಂತೆ. ಶಾಲೆಯ ಗ್ರೂಪ್ ಫೋಟೊದಲ್ಲಿ ಅವಳ ಮುಖ ಮಬ್ಬಾಗಿದೆಯಂತೆ, ಅದನ್ನು ಯಾವುದೋ ಆ್ಯಪ್‌ಗೆ ಹಾಕಿ ಶಾರ್ಪ್ ಮಾಡಬೇಕಂತೆ. ಫೋನ್ ಕೊಡುವುದಿಲ್ಲ. ಇಲ್ಲೇ ಕೂತುಕೋ, ಬರೆಯುತ್ತಲೇ ಓದಿ ಹೇಳುತ್ತೇನೆ. ವಾಟ್ಸಾಪಿನಲ್ಲಿ ಇದನ್ನು ಓದುವವರೂ ಕೊನೆಯವರೆಗೆ ಓದಿ. ಅರ್ಧ ಓದಿ ಕೈ ಮುಗಿಯುವ ಚಿತ್ರ ಕಳಿಸಬೇಡಿ.

ಚಳ್ಳಕೆರೆ ಕಡೆಯ ಒಂದು ಊರಿನಲ್ಲಿ ಬಸ್ ನಿಲ್ದಾಣದ ಎದುರು ಒಂದು ಫೋಟೊ ಸ್ಟುಡಿಯೋ ಇತ್ತು. ಅದರ ಯಜಮಾನ ಓಬಳೇಶಪ್ಪ. ಅವನ ಹತ್ತಿರ ಕೆಲಸ ಕಲಿತವನು ಪಾಲಯ್ಯ. ಪಾಲಯ್ಯ ಹುಡುಗನೇನಲ್ಲ, ಮೂವತ್ತು ದಾಟಿದ ಸಂಸಾರಸ್ಥ. ಮದುವೆ, ನಾಮಕರಣ ಎಂದು ಹೋಗಿ ಫೋಟೊ ತೆಗೆಯುವವನು ಗುರು. ಕಂಪ್ಯೂಟರಿನ ಮುಂದೆ ಕೂತು ಅವನ್ನು ತಿದ್ದುವವನು ಶಿಷ್ಯ.

ದೊಡ್ಡ ಕ್ಯಾಮೆರಾದ ಫೋಟೊ ನಮ್ಮ ಫೋನಿನ ಫೋಟೊದ ಹಾಗೆ ಮಿಂಚಿಕೊಂಡು ಹುಟ್ಟುವುದಿಲ್ಲ. ಬಣ್ಣ ಸಪ್ಪೆ, ಅಂಚೆಲ್ಲ ಮೆತ್ತಗೆ. ಅದನ್ನು ರಾ ಫೈಲ್ ಎನ್ನುತ್ತಾರೆ. ಹಸಿ ಫೋಟೊ ಎಂದುಕೊಳ್ಳಿ. ಅದಕ್ಕೆ ಬಣ್ಣ ಸರಿಮಾಡಿ, ಕೊನೆಯಲ್ಲಿ ಶಾರ್ಪ್ ಮಾಡುತ್ತಾರೆ. ಶಾರ್ಪ್ ಮಾಡುವುದೆಂದರೆ ಕಪ್ಪಿನ ಅಂಚನ್ನು ಇನ್ನಷ್ಟು ಕಪ್ಪು, ಬಿಳಿಯ ಅಂಚನ್ನು ಇನ್ನಷ್ಟು ಬಿಳಿ ಮಾಡುವುದು. ಕ್ಯಾಮೆರಾ ಕಾಣದೇ ಬಿಟ್ಟದ್ದನ್ನು ಅದು ತಂದುಕೊಡುವುದಿಲ್ಲ. ತಂದುಕೊಟ್ಟ ಹಾಗೆ ಕಾಣುತ್ತದೆ, ಅಷ್ಟೇ.

ಓಬಳೇಶಪ್ಪ ಇದನ್ನು ಶಿಷ್ಯನಿಗೆ ಮೊದಲ ದಿನವೇ ಹೇಳಿದ್ದ. ಪರದೆಯ ಮೇಲಿನ ಶಾರ್ಪ್ ಗುಂಡಿಯನ್ನು ಸ್ವಲ್ಪ ಎಳೆ, ನಿಲ್ಲಿಸು, ಫೋಟೊವನ್ನು ಪೂರ್ತಿ ದೊಡ್ಡದು ಮಾಡಿ ನೋಡು, ಮತ್ತೆ ಎಳೆ. ಕತ್ತಲೆಯಲ್ಲಿ ತೆಗೆದದ್ದಾದರೆ ಕೈ ಇನ್ನೂ ಬಿಗಿ ಹಿಡಿ, ಅದರಲ್ಲಿ ಮರಳು ಉದುರಿದ ಹಾಗೆ ಕಾಳು ಇರುತ್ತದೆ, ಮುಖದ ಜೊತೆಗೆ ಆ ಕಾಳೂ ಚೂಪಾಗುತ್ತದೆ. ಇಷ್ಟು ಹೇಳಿ ಒಂದು ಮಾತು ಮಾತ್ರ ಮತ್ತೆ ಮತ್ತೆ ಹೇಳುತ್ತಿದ್ದ: “ನಾವು ತಿದ್ದಿದ್ದು ಬರೀ ನಮ್ಮ ಕೈಚಳಕ ಕಣೋ. ಸಾಕ್ಷಿ ಅಂತ ಇರೋದು ರಾ ಫೈಲು. ಅದನ್ನು ಮಾತ್ರ ಅಳಿಸಬೇಡ.” ಪ್ರತಿ ಮದುವೆಯ ರಾ ಫೈಲುಗಳನ್ನೂ ಬೇರೆ ಹಾರ್ಡ್ ಡಿಸ್ಕಿಗೆ ಹಾಕಿ, ಮೇಲೊಂದು ಚೀಟಿ ಅಂಟಿಸಿ, ಕಬ್ಬಿಣದ ಬೀರುವಿನಲ್ಲಿ ಇಡುತ್ತಿದ್ದ. ಚೀಟಿಯಲ್ಲಿ ಮದುಮಕ್ಕಳ ಹೆಸರು, ಛತ್ರದ ಹೆಸರು.

ಹೀಗಿರುವಾಗ ಓಬಳೇಶಪ್ಪನ ಕಣ್ಣಿಗೆ ಪೊರೆ ಬಂತು. ಕ್ಯಾಮೆರಾ, ಕಂಪ್ಯೂಟರು ಎರಡೂ ಪೂರ್ತಿ ಪಾಲಯ್ಯನ ಕೈಗೆ ಬಂದವು.

ಪಾಲಯ್ಯ ಎಳೆಯತೊಡಗಿದ. ಪರದೆಯ ಮೇಲಿನ ಆ ಗುಂಡಿಯನ್ನು ಬಲಕ್ಕೆ ಎಳೆದಷ್ಟೂ ರೇಷ್ಮೆ ಸೀರೆಯ ಎಳೆ ಎಳೆ ಎದ್ದು ಬಂತು, ಮೂಗುತಿಯ ಹರಳು ಎಣಿಸುವ ಹಾಗಾಯಿತು. ಜನ ಮರುಳಾದರು. ಮದುವೆಗೆ ಹೋದವರಿಗಿಂತ ಆಲ್ಬಮ್ ನೋಡಿದವರಿಗೆ ಹೆಚ್ಚು ಕಂಡಿತು ಎಂದು ಹೊಗಳಿದರು. ಯಾರೋ ಓಬಳೇಶಪ್ಪನ ಕಾಲದ ಫೋಟೊಗಳು ಮೆತ್ತಗಿರುತ್ತಿದ್ದವು ಎಂದದ್ದಕ್ಕೆ ಪಾಲಯ್ಯ ಚಹಾ ಅಂಗಡಿಯಲ್ಲಿ ನಿಂತು ನಕ್ಕನಂತೆ: “ಸಾರ್ ಕಣ್ಣಲ್ಲೇ ಪೊರೆ. ಅವರಿಗೆ ಪ್ರಪಂಚಾನೇ ಮೆತ್ತಗೆ ಕಾಣುತ್ತೆ, ಪಾಪ.” ಅನ್ನ ಹಾಕಿದವನ ಬಗ್ಗೆ ಹೀಗೆ ನಗುವುದಕ್ಕೂ ಒಂದು ಧೈರ್ಯ ಬೇಕು. ಕೆಲಸ ಹೆಚ್ಚಾದಂತೆ ಡಿಸ್ಕು ತುಂಬಿದವು. ತಿದ್ದಿದ ಫೋಟೊ ಕೊಟ್ಟಾಯಿತಲ್ಲ, ಹಸೀದನ್ನು ಇಟ್ಟುಕೊಂಡು ಉಪ್ಪಿನಕಾಯಿ ಹಾಕಬೇಕೇ ಎಂದು ಅವನು ಬೀರುವಿನ ಡಿಸ್ಕುಗಳನ್ನು ಒಂದೊಂದಾಗಿ ತೆಗೆದು, ಒಳಗಿದ್ದುದನ್ನು ಅಳಿಸಿ, ಹೊಸ ಮದುವೆಗಳನ್ನು ತುಂಬಿಸಿದ. ಮೇಲಿನ ಚೀಟಿ ಹಳೆಯದೇ ಇತ್ತು. ಕಣ್ಣು ಕಾಣದ ಗುರು ಬೀರು ತೆರೆದು ಕೈಯಾಡಿಸಿದರೆ ಎಲ್ಲವೂ ಇದ್ದಲ್ಲೇ ಇತ್ತು.

ಅದೇ ಊರಿನಲ್ಲಿ ಲೋಲಾಕ್ಷಿ ಎಂಬ ಹೆಂಗಸಿದ್ದಳು. ಅವಳ ಮಗಳು ಸಿಂಚನಾ ನಾಲ್ಕು ವರ್ಷದವಳು. ಮಗು ಜ್ವರ ಬಂದು ಮೂರೇ ದಿನಕ್ಕೆ ತೀರಿಕೊಂಡಿತು. ಮಗುವನ್ನು ಎತ್ತಿಕೊಂಡು ಆಸ್ಪತ್ರೆಗೆ ಓಡುವ ಗಡಿಬಿಡಿಯಲ್ಲಿ ಗಂಡನ ಫೋನು ಬಸ್ಸಿನಲ್ಲಿ ಕಳೆದುಹೋಯಿತು. ಮನೆಯಲ್ಲಿದ್ದದ್ದು ಅದೊಂದೇ ಫೋಟೊ ತೆಗೆಯುವ ಫೋನು. ಮಗು ಹುಟ್ಟಿದಾಗಿನಿಂದ ತೆಗೆದ ಫೋಟೊಗಳೆಲ್ಲ ಅದರಲ್ಲೇ ಇದ್ದವು.

ತಿಂಗಳಾದ ಮೇಲೆ ಲೋಲಾಕ್ಷಿಗೆ ನೆನಪಾಯಿತು. ನಾದಿನಿಯ ಮದುವೆಯಲ್ಲಿ ಮಗು ಮಂಟಪದ ಅಂಚಿನಲ್ಲಿ ಅಕ್ಷತೆ ತಟ್ಟೆ ಹಿಡಿದು ಓಡಾಡುತ್ತಿತ್ತು. ಓಬಳೇಶಪ್ಪನೇ ಫೋಟೊ ತೆಗೆದಿದ್ದ. ಸ್ಟುಡಿಯೋಗೆ ಬಂದಳು. ಪಾಲಯ್ಯ ಇನ್ನೂ ಅಳಿಸದೆ ಉಳಿದಿದ್ದ ಡಿಸ್ಕಿನಲ್ಲಿ ಹುಡುಕಿದ. ಆಲ್ಬಮ್ಮಿಗೆ ಸೇರದೇ ಉಳಿದಿದ್ದ ಒಂದು ಫೋಟೊ ಸಿಕ್ಕಿತು. ಮದುಮಗ ತಾಳಿ ಕಟ್ಟುತ್ತಿದ್ದಾನೆ, ಕ್ಯಾಮೆರಾದ ಗಮನವೆಲ್ಲ ತಾಳಿಯ ಮೇಲೆ. ಹಿಂದೆ, ದೀಪದ ಮಂಕು ಬೆಳಕಿನಲ್ಲಿ, ತಟ್ಟೆ ಹಿಡಿದ ಮಗು ಇತ್ತ ತಿರುಗುತ್ತಿದೆ. ಮುಖ ಮಬ್ಬು. ಆದರೆ ನೋಡಿದ ಕೂಡಲೇ ಲೋಲಾಕ್ಷಿ ಪರದೆಗೆ ಕೈ ಇಟ್ಟಳು. ಆ ತಿರುಗುವ ರೀತಿ ಸಿಂಚನಾಳದೇ.

ಗೋಡೆಗೆ ಹಾಕಲು ದೊಡ್ಡದು ಮಾಡಿಕೊಡಿ ಎಂದಳು. ಮುಖ ಮಬ್ಬಿದೆಯಲ್ಲಕ್ಕಾ ಎಂದು ಪಾಲಯ್ಯನೇ ಹೇಳಿದ, ತಾನು ಸರಿಮಾಡಿಕೊಡುವುದಾಗಿಯೂ ಹೇಳಿದ. ಅವಳು ಕೇಳಿರಲಿಲ್ಲ.

ಮುಖವನ್ನಷ್ಟೇ ಕತ್ತರಿಸಿಕೊಂಡು ಎಳೆದ. ಕಣ್ಣಿಗೆ ರೆಪ್ಪೆ ಬಂತು. ತುಟಿಗೆ ಗೆರೆ ಬಂತು. ಇನ್ನೂ ಎಳೆದ. ಕಿವಿಯ ಸುತ್ತ ಬಿಳಿಯ ಅಂಚು ಕೂತಿತು. ಕೆನ್ನೆಯ ಮೇಲೆ ಉಳಿದ ಕಾಳನ್ನೆಲ್ಲ ಒರೆಸಿದ. ಒಂದು ಮಾತ್ರ ಒರೆಸಿದಷ್ಟೂ ಎದ್ದು ನಿಂತಿತು, ಎಳ್ಳಿನಷ್ಟು ಕಪ್ಪು. ಇರಲಿ, ಲಕ್ಷಣವಾಗಿದೆ ಎಂದು ಬಿಟ್ಟ. ಪ್ರಿಂಟ್ ತೆಗೆದು ಕಟ್ಟು ಹಾಕಿಸಿ ಕೊಟ್ಟ. ಅದೇ ವಾರ ಆ ಡಿಸ್ಕನ್ನೂ ಅಳಿಸಿದ.

ಲೋಲಾಕ್ಷಿಯ ಗಂಡ ಬಾಗಿಲಿಗೆ ಎದುರಾಗಿ ಮೊಳೆ ಹೊಡೆದು ಫೋಟೊ ಹಾಕಿದ. ಬಂದವರೆಲ್ಲ ನೋಡಿ ಕಣ್ಣೊರೆಸಿಕೊಂಡರು, ಎಷ್ಟು ಸ್ಪಷ್ಟ, ಮಾತಾಡುವ ಹಾಗಿದೆ ಎಂದರು. ಅತ್ತೆ ಬೊಮ್ಮಕ್ಕ ಹತ್ತಿರ ಹೋಗಿ ನೋಡಿ ಕೆನ್ನೆಯ ಮೇಲೆ ಬೆರಳಿಟ್ಟಳು. ಈ ಮಚ್ಚೆ ತನ್ನ ಅತ್ತೆಗೂ ಇಲ್ಲೇ ಇತ್ತು, ನಮ್ಮ ಮನೆಯ ಮಚ್ಚೆ ಇದು, ಮಗು ನಮ್ಮ ವಂಶದ್ದೇ ರೂಪ ಎಂದಳು. ಅಕ್ಕಪಕ್ಕದವರು ಹೌದು ಹೌದು ಎಂದರು. ಒಬ್ಬಳಂತೂ ಆ ಮಚ್ಚೆಗೆ ತಾನು ಎಷ್ಟೋ ಸಲ ಮುತ್ತು ಕೊಟ್ಟಿದ್ದೇನೆ ಎಂದಳು.

ಲೋಲಾಕ್ಷಿ ಮಾತ್ರ ಮಗುವಿಗೆ ಮಚ್ಚೆ ಇರಲಿಲ್ಲ ಎಂದಳು. ಬೊಮ್ಮಕ್ಕ ಎಲ್ಲರ ಮುಂದೆ ತಿರುಗಿ ನೋಡಿದಳು.

“ಹೆತ್ತ ಮಗಳ ಮುಖಾನೇ ನೆನಪಿಲ್ಲ. ಎಂಥಾ ತಾಯಿ ಕಣೇ ನೀನು.”

ಲೋಲಾಕ್ಷಿ ಗಂಡನ ಕಡೆ ನೋಡಿದಳು. ಅವನು ಫೋಟೊ ನೋಡಿ, ಇತ್ತು ಅನ್ಸುತ್ತೆ ಬಿಡು ಎಂದ. ನಾಲ್ಕು ವರ್ಷ ಭಾನುವಾರ ಭಾನುವಾರ ಎಣ್ಣೆ ಹಚ್ಚಿ ಆ ಕೆನ್ನೆ ತಿಕ್ಕಿದವಳು ಅವಳು. ಅವಳ ಹೆಬ್ಬೆರಳಿಗೆ ಆ ಕೆನ್ನೆ ಗೊತ್ತಿತ್ತು. ಹೆಬ್ಬೆರಳು ಬಂದು ಸಾಕ್ಷಿ ಹೇಳುವುದಿಲ್ಲ.

ಸ್ಟುಡಿಯೋಗೆ ಹೋದಳು. ಆ ಮಬ್ಬು ಫೋಟೊ ಇತ್ತಲ್ಲ, ಅದನ್ನೇ ಕೊಡಿ, ಮಬ್ಬಿದ್ದರೂ ಇರಲಿ ಎಂದಳು. ಪಾಲಯ್ಯ ಇವತ್ತು ಬಾ, ನಾಳೆ ಬಾ ಎಂದ. ಮೂರನೇ ಸಲ ಹೋದಾಗ ಅದು ಅಳಿಸಿಹೋಗಿದೆ ಎಂದ. ಅವಳು ಮೇಜಿನ ಹತ್ತಿರ ಬಂದಳು.

“ಹಾಗಾದ್ರೆ ನೀವೇ ಹೇಳಿಬಿಡಿ ಅಣ್ಣ. ಮೊದಲಿನ ಫೋಟೊ ನೋಡಿದವರು ನೀವು. ಮಚ್ಚೆ ಇತ್ತಾ?”

ಪಾಲಯ್ಯನಿಗೆ ಎಲ್ಲವೂ ಗೊತ್ತಿತ್ತು. ಇಲ್ಲ ಎಂದರೆ ಸಾಕಿತ್ತು. ಆದರೆ ಅದೇ ಫೋಟೊದ ಇನ್ನೊಂದು ಪ್ರಿಂಟನ್ನು ಅವನು ಅಂಗಡಿಯ ಗಾಜಿನಲ್ಲಿ ಇಟ್ಟಿದ್ದ, ಮಬ್ಬು ಮುಖಕ್ಕೂ ಜೀವ ತರುತ್ತೇವೆ ಎಂದು ಕೆಳಗೆ ಬರೆಸಿದ್ದ. ಹೊರಗೆ ಬೆಂಚಿನಲ್ಲಿ ಇಬ್ಬರು ಗಿರಾಕಿಗಳು ಕೂತು ಕೇಳುತ್ತಿದ್ದರು.

“ಕ್ಯಾಮೆರಾದಲ್ಲಿ ಏನಿತ್ತೋ ಅದೇ ಬಂದಿರೋದು ಅಕ್ಕ. ನಾನು ಹೊಸದೇನೂ ಹಾಕಿಲ್ಲ” ಎಂದ.

ಸುಳ್ಳೇನಲ್ಲ. ಕಾಳು ಕ್ಯಾಮೆರಾದ್ದು. ಮಚ್ಚೆ ಮಾಡಿದ್ದು ಅವನು.

ಓಬಳೇಶಪ್ಪನ ಕಣ್ಣಿನ ಆಪರೇಷನ್ ಆಯಿತು. ಕಣ್ಣಿಗೆ ಕಟ್ಟಿದ್ದ ಹಸಿರು ಬಟ್ಟೆ ಬಿಚ್ಚಿ ಸ್ಟುಡಿಯೋಗೆ ಬಂದವನಿಗೆ ಮೊದಲು ಕಂಡದ್ದೇ ಗಾಜಿನೊಳಗಿನ ಆ ಮುಖ. ಕಿವಿಯ ಸುತ್ತ ಬಿಳಿ ಅಂಚು, ಕೆನ್ನೆಯ ಮೇಲೆ ಕಪ್ಪು ಕಾಳು. ಊರೆಲ್ಲ ಆಡಿಕೊಳ್ಳುತ್ತಿದ್ದ ಮಚ್ಚೆಯ ಗುಟ್ಟು ನಿಂತಲ್ಲೇ ಅರ್ಥವಾಯಿತು. ಬೀರು ತೆರೆದ. ಚೀಟಿ ಇತ್ತು, ಒಳಗೆ ಬೇರೆ ಯಾರದೋ ಮದುವೆ ಇತ್ತು. ಹೋಗಿ ಆ ತಾಯಿಗೆ ನಿಜ ಹೇಳಿ ಬಾ ಎಂದು ಪಾಲಯ್ಯನಿಗೆ ಹೇಳಿದ. ಪಾಲಯ್ಯ ಮೌಸಿನಿಂದ ಕೈ ತೆಗೆಯಲಿಲ್ಲ. ಅವರ ಮನೆಯವರೆಲ್ಲ ಒಪ್ಪಿಕೊಂಡಿದ್ದಾರೆ, ಈಗ ಹೇಳಿದರೆ ಆ ಮುಖವೂ ಹೋಗುತ್ತದೆ, ಇದ್ದದ್ದನ್ನು ಯಾಕೆ ಕೆಡಿಸಬೇಕು ಸಾರ್ ಎಂದ.

ಸರಿ, ಗುರು ತಾನೇ ಹೊರಟ. ನೀವೆಲ್ಲ ಈಗ ಗುರು ಬಂದು ನಿಜ ಹೇಳುತ್ತಾನೆ, ಎಲ್ಲ ಸರಿಹೋಗುತ್ತದೆ ಎಂದುಕೊಳ್ಳುತ್ತಿದ್ದೀರಿ. ಅವನು ಹೋದಾಗ ಬೊಮ್ಮಕ್ಕ ಫೋಟೊಗೆ ಹೂವು ಏರಿಸುತ್ತಿದ್ದಳು. ನಿಮ್ಮ ಕೈ ಚೆನ್ನಾಗಿರಲಿ ಸ್ವಾಮಿ, ನಮ್ಮ ಕೂಸನ್ನು ಮನೆಗೆ ತಂದುಕೊಟ್ಟಿರಿ ಎಂದು ಕೈಮುಗಿದಳು. ಲೋಲಾಕ್ಷಿ ಚಹಾ ತಂದು ಕೊಟ್ಟು, ಅವನು ಏನೋ ಹೇಳಲು ಬಂದಿದ್ದಾನೆಂದು ಗೊತ್ತಾಗಿ, ಗೋಡೆಗೆ ಒರಗಿ ಕಾದಳು. ಓಬಳೇಶಪ್ಪ ಚಹಾ ಕುಡಿದ. ಲೋಟ ಕೆಳಗಿಟ್ಟ. ಬರುತ್ತೇನಮ್ಮ ಎಂದು ಎದ್ದ. ಇಷ್ಟು ವರ್ಷ ರಾ ಫೈಲು ಕಾದವನು ಮೂರು ಮಾತು ಆಡಲಾರದೆ ಹೋದ.

ಮರುವರ್ಷ ಲೋಲಾಕ್ಷಿಗೆ ಇನ್ನೊಂದು ಹೆಣ್ಣು ಮಗು ಆಯಿತು. ಇಂಚರಾ ಎಂದು ಹೆಸರಿಟ್ಟರು. ಅದಕ್ಕೆ ನಾಲ್ಕು ತುಂಬಿದಾಗ, ಒಂದು ದಿನ ಅಜ್ಜಿಯ ಕಾಡಿಗೆ ಡಬ್ಬಿ ತೆಗೆದು, ಗೋಡೆಯ ಫೋಟೊ ನೋಡಿಕೊಂಡು, ತನ್ನ ಕೆನ್ನೆಯ ಮೇಲೆ ಒಂದು ಚುಕ್ಕಿ ಇಟ್ಟುಕೊಂಡಿತು. ಅಕ್ಕನ ಹಾಗೆ ಆದೆ ಎಂದು ಕುಣಿಯಿತು. ಲೋಲಾಕ್ಷಿ ಒಲೆಯ ಮುಂದಿನಿಂದ ಎದ್ದು ಬಂದು ಸೆರಗು ಒದ್ದೆ ಮಾಡಿ ಆ ಕೆನ್ನೆಯನ್ನು ಕೆಂಪಾಗುವಷ್ಟು ತಿಕ್ಕಿದಳು. ಮಗು ಅತ್ತಿತು. ತಿಕ್ಕುತ್ತಾ ತಿಕ್ಕುತ್ತಾ ಲೋಲಾಕ್ಷಿ ಕಣ್ಣು ಮುಚ್ಚಿ ಮೊದಲ ಮಗಳ ಮುಖ ನೆನೆದಳು. ಎಣ್ಣೆ ಹಚ್ಚಿದ ಮುಖ, ಒದ್ದೆ ಕೂದಲು, ಇತ್ತ ತಿರುಗಿ ನಗುವುದು. ಮುಖ ಬಂತು. ಮಚ್ಚೆಯೊಂದಿಗೇ ಬಂತು. ಎಷ್ಟು ಸಲ ನೆನೆದರೂ ಅದು ಬಿಟ್ಟು ಬರಲಿಲ್ಲ.

ಕಣ್ಣು ತೆರೆದಳು. ಕಾಡಿಗೆ ಡಬ್ಬಿ ತೆಗೆದುಕೊಂಡು, ಫೋಟೊ ನೋಡಿ, ತಾನೇ ಆ ಚುಕ್ಕಿಯನ್ನು ಮಗುವಿನ ಕೆನ್ನೆಗೆ ಮತ್ತೆ ಇಟ್ಟಳು.

ನೀತಿ: ಕಾಣದೇ ಹೋದದ್ದನ್ನು ಕಂಡ ಹಾಗೆ ಮಾಡಿಕೊಡುವವನು ಉಪಕಾರ ಮಾಡುವುದಿಲ್ಲ, ನಿಮ್ಮಲ್ಲಿ ಉಳಿದ ಚೂರನ್ನೂ ತೆಗೆದುಕೊಂಡು ಹೋಗುತ್ತಾನೆ. ಮಬ್ಬಾಗಿರುವ ನಿಜವನ್ನು ಮಬ್ಬಾಗಿಯೇ ಇಟ್ಟುಕೊಳ್ಳಿ. ತಿದ್ದಲೇಬೇಕಾದರೆ ಮೊದಲಿನದನ್ನು ಅಳಿಸಬೇಡಿ. ತಪ್ಪು ಮಾಡಿದವನು ಸುಮ್ಮನಿರುವುದು ಎಲ್ಲ ಕಡೆಯೂ ಇದೆ. ಗೊತ್ತಿದ್ದ ಒಳ್ಳೆಯವನೂ ಸುಮ್ಮನೆ ಚಹಾ ಕುಡಿದು ಎದ್ದುಬಂದರೆ, ಸುಳ್ಳು ಆ ಮನೆಯ ಗೋಡೆಯ ಮೇಲೆ ಖಾಯಂ ಆಗುತ್ತದೆ.

ಇಷ್ಟು ಬರೆದು ಮುಗಿಸಿ, ಫೋನ್ ತೆಗೆದುಕೋ ಎಂದು ಮಗಳ ಕಡೆ ಚಾಚಿದೆ. ಅವಳು ತೆಗೆದುಕೊಳ್ಳಲಿಲ್ಲ. ಇಡೀ ಬೆಳಿಗ್ಗೆ ನಡುನಡುವೆ ಬಾಯಿ ಹಾಕಿದವಳು ಈಗ ಒಂದೇ ಒಂದು ಮಾತು ಕೇಳಿದಳು. ಅದಕ್ಕೆ ನಿಮ್ಮ ಹತ್ತಿರ ಉತ್ತರ ಇದ್ದರೆ ಬರೆದು ಕಳಿಸಿ.

“ಅಮ್ಮಾ, ಆ ಫೋಟೊ ಇಳಿಸಿಬಿಟ್ಟರೆ, ಆ ಮೊಳೆಗೆ ಇನ್ನೇನು ಹಾಕಬೇಕು?”