ಸಾಣೆಯವನ ಕಲ್ಲುಗಳು

ಶಿಷ್ಯ ಕೇಳಿದ: “ಗುರುಗಳೇ, ಅದೃಷ್ಟ ಯಾರ ಮಾತನ್ನೂ ಕೇಳುವುದಿಲ್ಲ. ಹಾಗಿರುವಾಗ ನಾವು ಮಾಡುವುದಕ್ಕೆ ಏನು ಉಳಿಯಿತು?”

ಗುರುಗಳು ಹೇಳಿದರು:

ಊರೂರು ತಿರುಗಿ ಕತ್ತಿ, ಕುಡುಗೋಲುಗಳಿಗೆ ಸಾಣೆ ಹಿಡಿಯುವವನೊಬ್ಬನಿದ್ದ. ‘ಮೊದಲು ನಮ್ಮೂರಿಗೆ ಬಾ’ ಎಂದು ಎಲ್ಲರೂ ಎಳೆದಾಡುತ್ತಿದ್ದರು. ಬೇಸತ್ತು ಒಂದು ಕ್ರಮ ಮಾಡಿಕೊಂಡ. ಊರು ಬಿಡುವಾಗ, ಅಲ್ಲಿಂದ ಹೊರಡುವ ದಾರಿಗೊಂದರಂತೆ ಗುರುತಿನ ಕಲ್ಲುಗಳನ್ನು ಚೀಲಕ್ಕೆ ಹಾಕಿ, ಕಣ್ಣು ಮುಚ್ಚಿ ಒಂದನ್ನು ತೆಗೆಯುವನು. ಕಲ್ಲು ತೋರಿದ ದಾರಿ ಹಿಡಿಯುವನು.

ಪೊದೆಗಾಡಿನ ಅಂಚಿನ ಒಂದು ಊರಿಗೆ ಮಾತ್ರ ಅವನು ಅಪರೂಪ. ಅಲ್ಲಿ ಈಳಿಗೆಗೆ ಕುಂಬಳಕಾಯಿ ಬಗ್ಗುತ್ತಿರಲಿಲ್ಲ. ಸುಗ್ಗಿಯಲ್ಲಿ ಪೈರನ್ನು ಕೊಯ್ಯುವುದಕ್ಕಿಂತ ಕೀಳುವುದೇ ಹೆಚ್ಚು. ಜನ ಹರಕೆ ಹೊತ್ತರು. ಅವನು ಬಂದಾಗ ಹೋಳಿಗೆ ಬಡಿಸಿ, ಕಲ್ಲು ತೆಗೆಯುವಾಗ ಸ್ವಲ್ಪ ಕಣ್ಣು ಬಿಡು ಎಂದರು.

“ಆಮೇಲೆ ನನ್ನನ್ನು ಯಾರು ನಂಬುತ್ತಾರೆ?” ಎಂದು ನಕ್ಕು, ಅವನು ಇನ್ನೊಂದು ಹೋಳಿಗೆ ಹಾಕಿಸಿಕೊಂಡ.

ದ್ಯಾವಮ್ಮ ಎಂಬ ಮುದುಕಿ ಕೇಳಿದಳು: “ಪಕ್ಕದ ಸಂತೆಯೂರು ಬಿಡುವಾಗ ಚೀಲಕ್ಕೆ ಎಷ್ಟು ಕಲ್ಲು ಹಾಕುತ್ತೀಯಪ್ಪ?”

“ಆರು.”

“ನಮ್ಮೂರು ಬಿಡುವಾಗ?”

“ಒಂದೇ, ತಾಯಿ. ನಿಮಗಿರುವುದು ಸಂತೆಯೂರಿನ ದಾರಿಯೊಂದೇ ಅಲ್ಲವೇ?”

ಮರುದಿನ ಮುದುಕಿ ಸಾಣೆ ಹಿಡಿಸಿದ ಕೊಡಲಿ ಹೊತ್ತು ಪೊದೆಗಾಡಿಗೆ ನಡೆದಳು. ಮೊದಲು ಊರು ನಕ್ಕಿತು. ಮೂರನೆಯ ದಿನ ಇಬ್ಬರು ಬಂದು ಕೈಹಾಕಿದರು. ಸುಗ್ಗಿಗೆ ಮುಂಚೆ ಊರೆಲ್ಲ ಸೇರಿ ಆಚೆಯ ಎರಡು ಊರುಗಳಿಗೆ ಎರಡು ದಾರಿ ಕಡಿದರು. ಆ ಊರುಗಳನ್ನು ಬಿಡುವಾಗಲೂ ಇವರ ಹೆಸರಿನ ಒಂದೊಂದು ಕಲ್ಲು ಚೀಲ ಸೇರಿತು.

ನಾಲ್ಕು ತಿಂಗಳು ಸಾಣೆಯವನ ಸುಳಿವಿಲ್ಲ. ಅಂಗೈ ಬೊಬ್ಬೆಗಳನ್ನು ತೋರಿಸಿ ಜನ ದ್ಯಾವಮ್ಮನನ್ನು ಬೈದರು. ಆಮೇಲೆ ಒಂದೇ ತಿಂಗಳಲ್ಲಿ ಅವನು ಎರಡು ಸಲ ಬಂದ. ಎರಡನೆಯ ಸಲ ಸಾಣೆ ಹಿಡಿಸಲು ಏನೂ ಉಳಿದಿರಲಿಲ್ಲ. ಸುಮ್ಮನೆ ಹೋಳಿಗೆ ತಿಂದು ಹೋದ. ಯಾವ ದಿನ ಬರುತ್ತಾನೆಂದು ಕೊನೆಗೂ ಯಾರಿಗೂ ತಿಳಿಯಲಿಲ್ಲ, ಅವನಿಗೂ ತಿಳಿಯಲಿಲ್ಲ. ಆದರೆ ಹಿಂದೆ ಮೂರು ವರ್ಷಕ್ಕೆ ಆರು ಸಲ ಬಂದಿದ್ದವನು, ಮುಂದಿನ ಮೂರು ವರ್ಷದಲ್ಲಿ ಹದಿನೇಳು ಸಲ ಬಂದ.

ಶಿಷ್ಯನ ಮುಖ ಅರಳಿತು. “ಸಹನೆ ಬೇಕು, ತಿಳಿಯಿತು ಗುರುಗಳೇ. ಇನ್ನು ನಾನೂ ಅದೃಷ್ಟದ ದಾರಿ ಕಾಯುತ್ತೇನೆ.”

ಗುರುಗಳು ನಕ್ಕರು. “ದಾರಿ ಕಾಯುವವರು ಆ ಊರಿನಲ್ಲಿ ಮೊದಲೇ ಬೇಕಾದಷ್ಟು ಇದ್ದರು, ಮಗು.”